ಎರಡನೆಯ ಚರಣದ ಕುರ್ಚಿ

ರಾತ್ರಿ ಹನ್ನೊಂದೂಕಾಲಕ್ಕೆ ನಮ್ಮ ಮನೆಯಲ್ಲಿ ಒಂದು ಕುರ್ಚಿ ಕಿರ್ ಎನ್ನುತ್ತದೆ. ಗಾಬರಿಯಾಗಬೇಕಿಲ್ಲ. ಗಾಬರಿಯಾಗುವ ಕೆಲಸವನ್ನು ಈ ಮನೆಯಲ್ಲಿ ನಾನು ವಹಿಸಿಕೊಂಡಿದ್ದೇನೆ; ಬಾಗಿಲ ಚಿಲಕವನ್ನು ಮೂರು ಸಲ, ಗ್ಯಾಸಿನ ಗುಂಡಿಯನ್ನು ಎರಡು ಸಲ ಮುಟ್ಟಿ ನೋಡಿದ ಮೇಲೆಯೇ ನಾನು ಮಲಗುವುದು. ಆ ಕುರ್ಚಿ ನಮ್ಮದಲ್ಲ. ಅದು ಸಮುದ್ರದಾಚೆಯ ಒಂದು ದೇಶದಲ್ಲಿ, ಧ್ವನಿಮುದ್ರಣದ ಕೋಣೆಯೊಂದರಲ್ಲಿ, ನಾನಿನ್ನೂ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಕಿರ್ ಎಂದ ಕುರ್ಚಿ. ಅದರ ಮೇಲೆ ಕೂತು ಹಾಡುತ್ತಿದ್ದ ಗಾಯಕಿ ಎರಡನೆಯ ಚರಣದ ಕೊನೆಯಲ್ಲಿ ಉಸಿರೆಳೆದುಕೊಳ್ಳಲು ಕೊಂಚ ಹಿಂದಕ್ಕೆ ವಾಲಿದಳಂತೆ, ಕುರ್ಚಿ ಕಿರ್ ಎಂದಿತಂತೆ, ಅದು ಹಾಗೆಯೇ ಕ್ಯಾಸೆಟ್ಟಿಗೆ ಇಳಿದುಬಿಟ್ಟಿತಂತೆ. ಇದು ನಮ್ಮ ಮನೆಯವರ ಸಂಶೋಧನೆ.

ಪ್ರತಿ ರಾತ್ರಿ ಇವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಆ ಹಾಡು ಹಾಕುತ್ತಾರೆ. ಹಾಡಿನ ಭಾಷೆ ಇವರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. "ಅರ್ಥ ಗೊತ್ತಾದ್ರೆ ಹಾಡು ಕೆಡುತ್ತೆ ಕಣೇ" ಎನ್ನುತ್ತಾರೆ. ಎರಡನೆಯ ಚರಣ ಬರುತ್ತಿದ್ದಂತೆ ಇವರ ತೋರುಬೆರಳು ಮೇಲೇಳುತ್ತದೆ.

"ಈಗ... ಈಗ... ಹಾಂ! ಕೇಳಿಸ್ತಾ?"

"ಇಲ್ಲ ರೀ. ಮಲಕ್ಕೊಳ್ಳಿ."

ನಿಜ ಹೇಳಬೇಕೆಂದರೆ ನನಗೆ ಮದುವೆಯಾದ ಹೊಸದರಲ್ಲಿಯೇ, ಮೊದಲ ಸಲವೇ, ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಬ್ಬಳು ಕೂತ ಕುರ್ಚಿಯ ಸದ್ದು ಕೇಳಿಸುವ ಗಂಡಸಿಗೆ "ಹೌದು, ಕೇಳಿಸಿತು" ಎನ್ನಲು ನನಗೆ ಮನಸ್ಸಾಗಲಿಲ್ಲ. ಇಲ್ಲ ಎಂದೆ. ಒಂದು ಸಲ ಇಲ್ಲ ಎಂದ ಮೇಲೆ ಹತ್ತೊಂಬತ್ತು ವರ್ಷ ಇಲ್ಲ ಎನ್ನಬೇಕಾಯಿತು.

ಇವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಲೀಟರಿನ ಪಾತ್ರೆ, ಮೀಟರಿನ ಪಟ್ಟಿ ಎಲ್ಲವನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು ಇವರ ಕೆಲಸ. ಮಿಕ್ಕಂತೆ ಈ ಮನುಷ್ಯ ತಮ್ಮ ಹಣೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತಾರೆ. ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಹಾಕಿಕೊಂಡು ಆಫೀಸಿಗೆ ಹೋಗಿ, ಸಂಜೆ ಪಕ್ಕದ ಮನೆಯ ಬಾಗಿಲಿಗೆ ಕೀಲಿಕೈ ತುರುಕುತ್ತಾರೆ. ತಕ್ಕಡಿಯ ಮುಂದೆ ನಿಂತರೆ ಮಾತ್ರ ಬೇರೆ ಮನುಷ್ಯ. ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬನ ಲಾರಿ ತೂಗುವ ಯಂತ್ರಕ್ಕೆ ಮುದ್ರೆ ಒತ್ತಿ ಎಂದು ಮೇಲಿನವರು ಹೇಳಿದಾಗ "ಸುಳ್ಳು ತೂಕಕ್ಕೆ ನನ್ನ ಕೈ ಏಳಲ್ಲ ಸಾರ್" ಎಂದು, ಮೂರು ವರ್ಷ ಹಳೆಯ ಕಡತಗಳ ಕೋಣೆಯಲ್ಲಿ ಧೂಳು ಕುಡಿದು ಬಂದವರು.

ಇಂಥವರು ನಮ್ಮ ಬೀದಿಯಲ್ಲೇ ಮನೆ ಮಾಡಿದ್ದು ಬೀದಿಯ ದುರದೃಷ್ಟ. ಮೂಲೆಯ ಕಿರಾಣಿ ಅಂಗಡಿಯವನ ಅರ್ಧ ಕಿಲೋ ಕಲ್ಲು ಹದಿನೆಂಟು ಗ್ರಾಂ ಕಡಿಮೆಯೆಂದು ವಶಪಡಿಸಿಕೊಂಡವರು ಇವರೇ. ಎದುರು ಮನೆಯ ದರ್ಜಿಯ ಅಳತೆಪಟ್ಟಿ ಎಳೆದು ಎಳೆದು ಅರ್ಧ ಇಂಚು ಉದ್ದವಾಗಿದೆಯೆಂದು ಅವನ ಕತ್ತರಿಯಿಂದಲೇ ಕತ್ತರಿಸಿದವರೂ ಇವರೇ. ಅದೇ ಸಂಜೆ ಇಬ್ಬರನ್ನೂ ಮನೆಗೆ ಕರೆದು, ಚಹಾ ಕೊಟ್ಟು, ಕ್ಯಾಸೆಟ್ ಹಾಕಿ, ಬೆರಳೆತ್ತಿ, "ಕೇಳಿಸ್ತಾ?" ಎಂದು ಕೇಳಿದರು. ಅವರಿಗೆ ಹೇಗೆ ತಾನೇ ಕೇಳಿಸೀತು?

"ನಿಮ್ಮ ಟೇಪ್ ರೆಕಾರ್ಡರ್‌ಗೆ ಎಣ್ಣೆ ಬಿಡ್ಬೇಕು ಸಾಹೇಬ್ರೆ" ಎಂದ ದರ್ಜಿ.

"ಎಣ್ಣೆ ಕಿವಿಗೆ ಬಿಟ್ಕೊಂಡ್ರೂ ಆದೀತು" ಎಂದ ಕಿರಾಣಿಯವನು.

ಅಂದಿನಿಂದ ಬೀದಿಯಲ್ಲಿ ಇವರಿಗೆ ಕಿರ್ ಸಾಹೇಬರು ಎಂದೇ ಹೆಸರು. ಇವರು ನಡೆದುಹೋದರೆ ಯಾವುದಾದರೂ ಒಂದು ಬಾಗಿಲ ಸಂದಿಯಿಂದ ಯಾರಾದರೂ ಕಿರ್ ಎನ್ನುತ್ತಿದ್ದರು. ಇವರ ತಂಗಿ, ನನ್ನ ನಾದಿನಿ, ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ "ಅತ್ತಿಗೆ, ನಿಮ್ಮ ಸವತಿ ಹೇಗಿದಾಳೆ? ಇನ್ನೂ ಕೂತೇ ಇದಾಳಾ?" ಎಂದು ಕೇಳುತ್ತಿದ್ದಳು.

ಇದಕ್ಕೆಲ್ಲ ಒಂದು ಕೊನೆ ಕಾಣಿಸಬೇಕೆಂದು ಇವರು ಗಾಯಕಿಗೇ ಕಾಗದ ಬರೆಯಲು ನಿಶ್ಚಯಿಸಿದರು. ಮನೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ. ಇವರು ಹೇಳುತ್ತಾ ಹೋಗುವುದು, ನಾನು ಇಂಗ್ಲಿಷಿಗೆ ಇಳಿಸುತ್ತಾ ಹೋಗುವುದು ಎಂದಾಯಿತು.

"ಬರಿ. ಅಮ್ಮಾ, ತಮ್ಮ ಹಾಡಿನ ಎರಡನೇ ಚರಣದಲ್ಲಿ, ಎರಡು ನಿಮಿಷ ನಲವತ್ತೊಂದು ಸೆಕೆಂಡಿಗೆ, ತಮ್ಮ ಕುರ್ಚಿ ಕಿರ್ ಅಂದಿದೆ. ಬೇಜಾರು ಮಾಡ್ಕೋಬೇಡಿ. ಅದಿಲ್ದಿದ್ರೆ ನೀವು ನಿಜವಾದ ಮನುಷ್ಯಳು, ನಿಜವಾಗಿ ಉಸಿರು ತಗೊಂಡು ಹಾಡಿದೀರಿ ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ನಾನು ಪೆನ್ನು ಹಿಡಿದು ಯೋಚಿಸಿದೆ. ಇಷ್ಟು ದೊಡ್ಡ ಗಾಯಕಿಗೆ, ಪರಿಚಯವೇ ಇಲ್ಲದವರು, ನಿಮ್ಮ ಕುರ್ಚಿ ಸರಿಯಿಲ್ಲ ಎಂದು ಬರೆಯುವುದು ಎಷ್ಟು ಮರ್ಯಾದೆ? ಆಕೆ ನೊಂದುಕೊಂಡರೆ? ಆಕೆಯ ವಕೀಲರು ನೋಟಿಸು ಕಳಿಸಿದರೆ? ಕುರ್ಚಿಯ ಸಂಗತಿಯನ್ನು ಪೂರ್ತಿ ಬಿಟ್ಟು, "ನಿಮ್ಮ ಹಾಡು ನಮಗೆ ಬಹಳ ಇಷ್ಟ" ಎಂದು ನಾಲ್ಕು ಸಾಲು ಬರೆದೆ. ಇವರು ಕೆಳಗೆ ಸಹಿ ಹಾಕಿ, ಅಭ್ಯಾಸಬಲದಿಂದ ಪಕ್ಕದಲ್ಲಿ ಇಲಾಖೆಯ ಮುದ್ರೆಯನ್ನೂ ಒತ್ತಿದರು.

ಎರಡು ತಿಂಗಳಿಗೆ ಉತ್ತರ ಬಂತು. ಗಟ್ಟಿ ಕಾಗದದ ಕಾರ್ಡು, ಮುಂದೆ ಗಾಯಕಿಯ ಫೋಟೋ. ಹಿಂದೆ ಓರೆ ಅಕ್ಷರದಲ್ಲಿ ಹೀಗಿತ್ತು: ನಿಮ್ಮ ಪ್ರೀತಿಯ ಮಾತುಗಳು ನನ್ನ ಹೃದಯವನ್ನು ಮುಟ್ಟಿದವು. ಈ ಬಾರಿಯ ನನ್ನ ಕಾರ್ಯಕ್ರಮದಲ್ಲಿ ನಿಮ್ಮನ್ನು ಕಾಣಲು ಕಾತರಳಾಗಿದ್ದೇನೆ. ಅದರ ಕೆಳಗೆ ಸಹಿ, ತಾರೀಖು, ಸಭಾಂಗಣದ ವಿಳಾಸ.

ಇವರು ಓದಿಸಿಕೊಂಡರು. ಮತ್ತೆ ಓದಿಸಿಕೊಂಡರು. ಆಮೇಲೆ ಗೋಡೆಗೆ ಒರಗಿ ನಿಂತು, "ಮುಟ್ತು ಅಂತಾಳೆ ಕಣೇ. ಕಿರ್ ವಿಷಯ ಅವಳ ಹೃದಯಕ್ಕೆ ಮುಟ್ತು" ಎಂದರು.

ಇವರು ಕನ್ನಡಕ ಒರೆಸಿಕೊಳ್ಳಲು ಹೋದಾಗ ನಾನು ಬೆರಳನ್ನು ನೀರಿಗೆ ಅದ್ದಿ ಆ ಸಹಿಯ ಮೇಲೆ ಉಜ್ಜಿ ನೋಡಿದೆ. ಶಾಯಿ ಕದಡಲಿಲ್ಲ. ಅಚ್ಚು ಹಾಕಿದ ಸಹಿ. ಆ ಹೊತ್ತಿಗೆ ನಾನು ಒಂದು ಮಾತು ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷದಲ್ಲಿ ಇವರು ನನ್ನನ್ನು ಕರೆದುಕೊಂಡು ಹೋದ ಅತಿ ದೂರದ ಜಾಗವೆಂದರೆ ನಾದಿನಿಯ ಮನೆ. ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕಾರ್ಡನ್ನು ಇವರ ಕೈಗೇ ಕೊಟ್ಟೆ.

ಸಂಜೆಯೊಳಗೆ ಕಾರ್ಡು ಬೀದಿಯನ್ನೆಲ್ಲ ಸುತ್ತಿ, ಮೂಲೆಗಳು ಮೆತ್ತಗಾಗಿ, ಒಂದು ಕಡೆ ಚಹಾದ ಗುಂಡನೆಯ ಗುರುತು ಹೊತ್ತು ವಾಪಸು ಬಂತು.

"ಕಾತರಳಾಗಿದ್ದೇನೆ ಅಂದ್ರೆ ಸುಮ್ನೆ ಅಲ್ಲ" ಎಂದ ದರ್ಜಿ. "ನನ್ನ ಹೆಂಡ್ತಿನೇ ಇಷ್ಟು ವರ್ಷದಲ್ಲಿ ಒಂದು ದಿನ ಕಾತರಳಾಗಿಲ್ಲ."

"ಹಾಗಾದ್ರೆ ಹೋಗ್ಬನ್ನಿ ಸಾಹೇಬ್ರೆ" ಎಂದ ಕಿರಾಣಿಯವನು, ತಕ್ಕಡಿಯ ತಟ್ಟೆ ಒರೆಸುತ್ತಾ. "ಮುಖಾಮುಖಿ ಕೇಳಿ. ಕುರ್ಚಿ ಕಿರ್ ಅಂದಿತ್ತು ಅಂತ ಆಯಮ್ಮ ಒಪ್ಕೊಂಡ್ರೆ, ಈ ಬೀದಿಲಿ ಯಾರೂ ನಿಮ್ಮನ್ನ ಆ ಹೆಸರಲ್ಲಿ ಕರೆಯಲ್ಲ. ನಿಮ್ಮ ಕಿವಿ ಸರಿ, ಕಣ್ಣು ಸರಿ, ನನ್ನ ಕಲ್ಲು ಹದಿನೆಂಟು ಗ್ರಾಂ ಕಡಿಮೆ ಇತ್ತು, ಎಲ್ಲಾ ಒಪ್ಕೋತೀನಿ. ಇಲ್ಲಾ ಅಂದ್ರೆ?"

"ಅಂದ್ರೆ ನನ್ನ ಕಿವಿನೇ ಸುಳ್ಳು" ಎಂದರು ಇವರು. "ಎಲ್ಲರ ಮುಂದೆ ಒಪ್ಕೋತೀನಿ."

ಇಲಾಖೆಯಲ್ಲಿ ರಜೆಯ ಅರ್ಜಿಯಲ್ಲಿ ಕಾರಣ ಎಂಬಲ್ಲಿ ಇವರು "ಹೊರದೇಶದಿಂದ ಬಂದ ಆಹ್ವಾನದ ಮೇರೆಗೆ" ಎಂದು ಬರೆದು ಕಾರ್ಡಿನ ನಕಲನ್ನು ಲಗತ್ತಿಸಿದ್ದರು. ದೊಡ್ಡ ಸಾಹೇಬರು ಸಂಗೀತ ಬಲ್ಲವರಲ್ಲ, ಲಗತ್ತು ಬಲ್ಲವರು. ಹೊರದೇಶದ ಗಣ್ಯ ವ್ಯಕ್ತಿಯೊಬ್ಬರು ನಮ್ಮ ಇಲಾಖೆಯ ನೌಕರನನ್ನು ಕಾಣಲು ಕಾತರಪಟ್ಟದ್ದು ಇಲಾಖೆಯ ಚರಿತ್ರೆಯಲ್ಲೇ ಮೊದಲು ಎಂದು ಅವರಿಗೆ ಅನ್ನಿಸಿತು. ರಜೆ ಮಂಜೂರಾದದ್ದಲ್ಲದೆ ಸಣ್ಣದೊಂದು ಸಭೆಯೂ ಏರ್ಪಾಟಾಯಿತು. ಚಹಾ, ಬಿಸ್ಕತ್ತು, ಭಾಷಣ. ಕೊನೆಗೆ ಮಖಮಲ್ಲಿನ ಪೆಟ್ಟಿಗೆಯೊಂದನ್ನು ತೆರೆದರು. ಒಳಗೆ ಹಿತ್ತಾಳೆಯ ಒಂದು ಕಿಲೋ ಕಲ್ಲು, ಹೊಳೆಯುವ ಹಾಗೆ ಉಜ್ಜಿದ್ದು, ಮೈಮೇಲೆ ಇಲಾಖೆಯ ಮುದ್ರೆ.

"ಇದು ಬರೀ ಹಿತ್ತಾಳೆ ಅಲ್ಲ" ಎಂದರು ದೊಡ್ಡ ಸಾಹೇಬರು. "ಇದು ಸತ್ಯ. ಇದನ್ನ ಆ ಮಹಾತಾಯಿಗೆ ಇಲಾಖೆ ಪರವಾಗಿ ನಿಮ್ಮ ಕೈಯಾರೆ ಒಪ್ಪಿಸಬೇಕು."

ಇವರು ಸತ್ಯವನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಬೀದಿಗೆ ಈ ಸುದ್ದಿ ತಲುಪುವಷ್ಟರಲ್ಲಿ ವಿಮಾನ ನಿಲ್ದಾಣಕ್ಕೆ ಗಾಯಕಿ ತನ್ನ ಕಾರು ಕಳಿಸುತ್ತಾಳೆ ಎಂದಾಗಿತ್ತು. ಮರುದಿನ ಆಕೆಯೇ ಬರುತ್ತಾಳೆ ಎಂದಾಯಿತು. ನಾದಿನಿ ಬಂದು ನನ್ನ ಕಿವಿಯಲ್ಲಿ, "ಅತ್ತಿಗೆ, ನೀವೂ ಜೊತೆಗೇ ಹೋಗಿ. ಅಣ್ಣನ್ನ ಒಂಟಿಯಾಗಿ ಬಿಡ್ಬೇಡಿ. ಕಾತರ ಅಂತ ಬರೆದಿದಾಳೆ" ಎಂದು ಎಚ್ಚರಿಸಿ ಹೋದಳು.

ವಿಮಾನ ನಿಲ್ದಾಣಕ್ಕೆ ನಾನು ಹೆದರಿದ್ದಕ್ಕೆಲ್ಲ ಸಿದ್ಧಳಾಗಿ ಹೋಗಿದ್ದೆ. ಪಾಸ್‌ಪೋರ್ಟು ಬ್ಲೌಸಿನೊಳಗೆ, ಅದರ ನಕಲು ಚೀಲದಲ್ಲಿ, ನಕಲಿನ ನಕಲು ಇವರ ಜೇಬಿನಲ್ಲಿ. ತಕ್ಕಡಿಯ ಬಗ್ಗೆ ಮಾತ್ರ ಯೋಚಿಸಿರಲಿಲ್ಲ.

ಕೌಂಟರಿನ ಹುಡುಗಿ ನಮ್ಮ ಪೆಟ್ಟಿಗೆಯನ್ನು ತೂಕಕ್ಕಿಟ್ಟು, "ಎರಡು ಕಿಲೋ ಜಾಸ್ತಿ ಇದೆ ಸಾರ್. ಏನಾದ್ರೂ ತೆಗೀಬೇಕು" ಎಂದಳು.

ಇವರ ಮುಖ ಬದಲಾಯಿತು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಸಾಧ್ಯವಿಲ್ಲ. ನಿನ್ನೆ ಇಲಾಖೆಯ ತಕ್ಕಡಿಲಿ ನಾನೇ ತೂಗಿದೀನಿ. ಈ ಯಂತ್ರಕ್ಕೆ ಕೊನೇ ಸಲ ಮುದ್ರೆ ಬಿದ್ದಿದ್ದು ಯಾವಾಗ?"

"ಏನು ಮುದ್ರೆ ಸಾರ್?"

ಇಂಥ ಪ್ರಶ್ನೆ ಕೇಳಬಾರದಿತ್ತು. ಇವರು ಕೈಚೀಲದಿಂದ ಮಖಮಲ್ಲಿನ ಪೆಟ್ಟಿಗೆ ತೆಗೆದು, ನಮ್ಮ ಪೆಟ್ಟಿಗೆಯನ್ನು ಕೆಳಗಿಳಿಸಿ, ಯಂತ್ರದ ನಟ್ಟನಡುವೆ ಹಿತ್ತಾಳೆಯ ಕಲ್ಲನ್ನಿಟ್ಟರು. ಕೆಂಪು ಅಂಕಿಗಳು ಮಿನುಗಿ ಒಂದು ಕಿಲೋ ನೂರು ಗ್ರಾಂ ಎಂದು ತೋರಿಸಿದವು.

"ನೋಡಿದ್ರಾ?" ಎಂದರು ಇವರು, ಸಾಲಿನಲ್ಲಿ ನಿಂತವರ ಕಡೆ ತಿರುಗಿ. "ಕಿಲೋಗೆ ನೂರು ಗ್ರಾಂ! ಇಪ್ಪತ್ತು ಕಿಲೋಗೆ ಎಷ್ಟಾಯ್ತು?"

ಸಾಲಿಗೆ ಲೆಕ್ಕ ಬರುತ್ತಿತ್ತು. ಈಗಾಗಲೇ ಹೆಚ್ಚಿನ ತೂಕಕ್ಕೆ ಪೆಟ್ಟಿಗೆ ಬಿಚ್ಚಿ, ಮೂರು ಸ್ವೆಟರುಗಳನ್ನು ಒಂದರ ಮೇಲೊಂದು ತೊಟ್ಟು ಬೆವರುತ್ತಿದ್ದ ಹೆಂಗಸೊಬ್ಬಳು ಚೀರಿದಳು. ಮ್ಯಾನೇಜರು ಓಡಿಬಂದ. ಅವನ ಹಿಂದೆ ಅವನ ಮ್ಯಾನೇಜರು ಬಂದ. ಇವರು ನೋಟಿಸು ಬರೆಯಲು ಕಾಗದ ಕೇಳಿದರು. ಕೊನೆಗೆ ನಮ್ಮ ಪೆಟ್ಟಿಗೆಯನ್ನು ತೂಗದೆಯೇ ಒಳಗೆ ಕಳಿಸಿದರು, ನಮ್ಮನ್ನು ಅದಕ್ಕಿಂತ ಬೇಗ ಕಳಿಸಿದರು.

ಸತ್ಯ ಅಲ್ಲಿಂದ ಮುಂದೆ ಐವತ್ತು ಹೆಜ್ಜೆಗೆ ಸಿಕ್ಕಿಬಿತ್ತು.

"ಇದೇನು?" ಎಂದ ತಪಾಸಣೆಯ ಅಧಿಕಾರಿ, ಎಕ್ಸ್‌ರೇ ಪರದೆಯಲ್ಲಿ ಕಪ್ಪಗೆ ಕಂಡ ಮುದ್ದೆಯನ್ನು ತೋರಿಸಿ.

"ಒಂದು ಕಿಲೋ."

"ಏನು ಒಂದು ಕಿಲೋ?"

"ಏನೂ ಅಲ್ಲ. ಬರೀ ಒಂದು ಕಿಲೋ."

ಅಧಿಕಾರಿ ಕಲ್ಲನ್ನು ತಟ್ಟಿ ನೋಡಿದ, ತಿರುಗಿಸಿ ನೋಡಿದ, ಮೂಸಿ ನೋಡಿದ. "ಒಳಗೇನಿದೆ?"

"ಒಳಗೂ ಒಂದು ಕಿಲೋನೇ" ಎಂದರು ಇವರು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ.

ನಾನು ಮಧ್ಯೆ ಹೋಗಿ ಕಾರ್ಡು ತೋರಿಸಿ ವಿವರಿಸಿದೆ. ಅವನು ಪೂರ್ತಿ ಕೇಳಿ, ನನ್ನನ್ನು ಮರುಕದಿಂದ ನೋಡಿ, ಇದರಿಂದ ಪೈಲಟನ ತಲೆ ಒಡೆಯಬಹುದಾದ್ದರಿಂದ ಕಲ್ಲು ಒಳಗೆ ಹೋಗುವಂತಿಲ್ಲವೆಂದೂ, ವಾಪಸು ಬಂದಾಗ ಪಡೆಯಬಹುದೆಂದೂ ರಸೀದಿ ಬರೆದುಕೊಟ್ಟ. ಹೀಗೆ ಇಲಾಖೆಯ ಸತ್ಯ ಯಾರದೋ ಕೊಡೆಗಳ, ಕತ್ತರಿಗಳ ಜೊತೆ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಉಳಿಯಿತು. "ಕಲ್ಲಿಲ್ದಿದ್ರೇನು" ಎಂದರು ಇವರು ವಿಮಾನದಲ್ಲಿ, ಬೆಲ್ಟನ್ನು ನನ್ನ ಬೆಲ್ಟಿಗೆ ಸಿಕ್ಕಿಸುತ್ತಾ. "ಮಾತು ಮುಖ್ಯ. ಒಂದೇ ಮಾತು ಕೇಳ್ತೀನಿ. ಅಮ್ಮಾ, ಅವತ್ತು ಕೂತಿದ್ರಿ ಅಲ್ವಾ?"

ಕಾರು ಬಂದಿರಲಿಲ್ಲ. ಬಸ್ಸು ಹಿಡಿದು ಸಭಾಂಗಣ ತಲುಪಿದಾಗ ಪಕ್ಕದ ಬಾಗಿಲ ಮುಂದೆ ಇನ್ನೂರು ಮುನ್ನೂರು ಜನರ ಸಾಲಿತ್ತು. ಪ್ರತಿಯೊಬ್ಬರ ಕೈಯಲ್ಲೂ ಗಟ್ಟಿ ಕಾಗದದ ಕಾರ್ಡು.

ಇವರು ಮೊದಲು ಸಾಲನ್ನು ನೋಡಿದರು. ಆಮೇಲೆ ಮುಂದೆ ನಿಂತಿದ್ದ, ಬೇರಾವುದೋ ದೇಶದ, ಬಿಳಿ ಮೀಸೆಯ ಮುದುಕನ ಕಾರ್ಡನ್ನು ಕತ್ತು ಚಾಚಿ ನೋಡಿದರು. ಅದೇ ಓರೆ ಅಕ್ಷರ. ಮುದುಕ ಇವರ ಕಾರ್ಡನ್ನು ನೋಡಿದ. ಇಬ್ಬರೂ ಒಂದು ಕ್ಷಣ, ಒಂದೇ ಹುಡುಗಿಯನ್ನು ನೋಡಲು ಬಂದ ಇಬ್ಬರು ವರಗಳ ಹಾಗೆ ನಿಂತರು.

"ಪಾಪ, ಇವರಿಗೂ ಬರೆದಿದಾಳೆ" ಎಂದರು ಇವರು. "ದೊಡ್ಡ ಮನಸ್ಸು. ಆದ್ರೆ ಇವರೆಲ್ಲಾ ಸುಮ್ನೆ ಹೊಗಳಿರ್ತಾರೆ. ಕುರ್ಚಿ ವಿಷಯ ನಾನೊಬ್ನೇ ಬರೆದಿದ್ದು, ಅಲ್ವೇನೇ?"

"ಹೌದು" ಎಂದೆ. ಇದಕ್ಕಿಂತ ನಿಜವಾದ ಸುಳ್ಳನ್ನು ನಾನು ಹೇಳಿಲ್ಲ.

ಸಾಲು ಒಳಗೆ ಹೋಗಿ ಒಂದು ಕೋಣೆ ಮುಟ್ಟಿತು. ಅಲ್ಲಿ ಗಾಯಕಿ ನಗುತ್ತಾ ನಿಂತಿದ್ದಳು. ಹತ್ತಿರ ಹೋದರೆ ರಟ್ಟು. ಆಳೆತ್ತರದ ಕಟೌಟು, ಹಿಂದೆ ಬೀಳದಂತೆ ಮರದ ಊರುಗೋಲು. ಒಬ್ಬ ಹುಡುಗ ಕ್ಯಾಮೆರಾ ಹಿಡಿದು, ಭುಜ ಹಿಡಿದು ನಿಲ್ಲಿಸಿ, ಕ್ಲಿಕ್ ಎನ್ನಿಸಿ, ಇನ್ನೊಂದು ಬಾಗಿಲಿಂದ ಆಚೆ ದಬ್ಬುತ್ತಿದ್ದ. ಇವರ ಸರದಿ ಬಂದಾಗ ಇವರು ಕಟೌಟಿನಿಂದ ಒಂದು ಗೇಣು ದೂರ, ಮರ್ಯಾದೆಯಿಂದ, ಕೈಕಟ್ಟಿ ನಿಂತರು. ಆಚೆ ಬಂದ ಮೇಲೆ, "ತುಂಬಾ ಕೆಲಸ ಇರುತ್ತೆ ಅವಳಿಗೆ. ಹಾಡೋದಕ್ಕೆ ಮುಂಚೆ ಮಾತಾಡಬಾರದು, ಗಂಟಲು" ಎಂದರು. ನಾನು ಕಾರಣ ಕೇಳಿರಲಿಲ್ಲ.

ನಮ್ಮ ಜಾಗ ಎಷ್ಟು ಮೇಲಿತ್ತೆಂದರೆ ಗಾಯಕಿ ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ಆದರೂ ದೀಪಗಳೆಲ್ಲ ಆರಿ, ಕೆಂಪು ಉಡುಪಿನ ಆ ಹೆಬ್ಬೆರಳು ವೇದಿಕೆಗೆ ಬಂದಾಗ ಇವರು ಎದ್ದು ನಿಂತುಬಿಟ್ಟರು. ಹಿಂದಿನವರು ಬೈದು ಕೂರಿಸಿದರು. ಮೊದಲ ಹಾಡಿಗೆ ಇವರ ಕನ್ನಡಕ ಮಂಜಾಯಿತು. ಎರಡನೆಯದಕ್ಕೆ ಕರವಸ್ತ್ರ ಸಿಗದೆ ನನ್ನ ಸೆರಗು ಹಿಡಿದುಕೊಂಡರು. ನನಗೂ ಆ ಸೆರಗಿನ ಒಂದು ತುದಿ ಬೇಕಾಯಿತು, ಒಪ್ಪಿಕೊಳ್ಳುತ್ತೇನೆ. ಹತ್ತೊಂಬತ್ತು ವರ್ಷ ನಮ್ಮ ಮಲಗುವ ಕೋಣೆಯಲ್ಲಿದ್ದವಳು, ಬಂಧುವಲ್ಲದಿದ್ದರೂ ಪರಿಚಯದವಳು.

ಕೊನೆಗೆ ಆ ಹಾಡು ಬಂತು.

ಮೊದಲ ಚರಣದಲ್ಲಿ ಆಕೆ ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದಳು. ಎರಡನೆಯದರಲ್ಲಿ ನಡುವೆ ಬಂದು ಕಣ್ಣು ಮುಚ್ಚಿ ನಿಂತಳು. ಇವರ ತೋರುಬೆರಳು ತಾನಾಗಿಯೇ ಮೇಲೆದ್ದಿತು. ಬರೀ ಅಭ್ಯಾಸ, ಊಟಕ್ಕೆ ಮುಂಚೆ ಕೈ ತೊಳೆಯುವ ಹಾಗೆ. ವೇದಿಕೆಯ ಮೇಲೆ ಕುರ್ಚಿಯೆಂಬುದೇ ಇರಲಿಲ್ಲ. ವಾದ್ಯದವರೂ ನಿಂತೇ ಇದ್ದರು. ಆಕೆ ಉಸಿರೆಳೆದುಕೊಂಡಳು.

ಕಿರ್.

ಮನೆಯಲ್ಲಿ ಇಲಿಮರಿ ಹಲ್ಲು ಕಡಿದಷ್ಟು ಕೇಳುತ್ತಿದ್ದ ಸದ್ದು, ಎರಡಾಳೆತ್ತರದ ಸ್ಪೀಕರುಗಳಲ್ಲಿ ಗೋದಾಮಿನ ಬಾಗಿಲು ತೆರೆದ ಹಾಗೆ ಕೇಳಿಸಿತು. ಸಭಾಂಗಣದಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅದೇ ಉಸಿರು, ಅದೇ ಕುರ್ಚಿ, ಅದೇ ಎರಡು ನಿಮಿಷ ನಲವತ್ತೊಂದು ಸೆಕೆಂಡು. ನಾವು ಸಮುದ್ರ ದಾಟಿ ಬಂದು ನಮ್ಮ ಮನೆಯ ಕ್ಯಾಸೆಟ್ಟನ್ನೇ ಕೇಳುತ್ತಿದ್ದೆವು. ಕೆಂಪು ಉಡುಪಿನವಳು ಬಾಯಿ ಮಾತ್ರ ಆಡಿಸುತ್ತಿದ್ದಳು.

ಇವರ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಬಾಗಿ, ತಾನು ಎದ್ದದ್ದೇ ಅದಕ್ಕೆ ಎಂಬಂತೆ, ಕಿವಿಯ ಹಿಂದೆ ತುರಿಸಿಕೊಳ್ಳತೊಡಗಿತು. ಹಾಡು ಮುಗಿಯುವವರೆಗೂ ತುರಿಸಿಕೊಳ್ಳುತ್ತಲೇ ಇತ್ತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಇವರೂ ಎದ್ದರು, ಇವರೂ ತಟ್ಟಿದರು. ಹಿಂದಿನವರು ಈಗ ಬೈಯಲಿಲ್ಲ.

ಬಸ್ಸಿನಲ್ಲಿ ಇವರು ನನ್ನ ಕಡೆ ತಿರುಗದೆ, ಕಿಟಕಿಯಾಚೆ ನೋಡುತ್ತಾ ಕೇಳಿದರು.

"ನಿನಗೇನಾದ್ರೂ ಕೇಳಿಸ್ತಾ?"

"ಯಾವಾಗ?"

"ಆ ಹಾಡಲ್ಲಿ. ಎರಡನೇ ಚರಣದಲ್ಲಿ."

ಹತ್ತೊಂಬತ್ತು ವರ್ಷ ಈ ಪ್ರಶ್ನೆಗೆ ಹೌದು ಎಂದು ಹೇಳಿಸಿಕೊಳ್ಳಲು ಪಾಡುಪಟ್ಟ ಮನುಷ್ಯ. ಈಗ ಆ ಕುತ್ತಿಗೆಯ ನರ ಬಿಗಿದಿದ್ದದ್ದು ನನಗೆ ಕಾಣುತ್ತಿತ್ತು. ನಾನು ಪಾಸ್‌ಪೋರ್ಟು ಇದೆಯೇ ಎಂದು ಮುಟ್ಟಿ ನೋಡಿಕೊಂಡೆ.

"ಇಲ್ಲ ರೀ."

"ನಿನಗೆ ಯಾವತ್ತೂ ಕೇಳಿಸಲ್ಲ" ಎಂದರು. ನರ ಸಡಿಲವಾಯಿತು. ಅಷ್ಟು ಪ್ರೀತಿಯಿಂದ ಅವರು ನನ್ನ ಕಿವಿಯನ್ನು ಎಂದೂ ಬೈದಿರಲಿಲ್ಲ.

ವಾಪಸು ಬಂದಾಗ ರಸೀದಿ ಕೊಟ್ಟು ಕಲ್ಲನ್ನು ಬಿಡಿಸಿಕೊಂಡೆವು. ಮನೆಯ ಮುಂದೆ ದರ್ಜಿ, ಕಿರಾಣಿಯವನು, ನಾದಿನಿ, ಬೀದಿಯ ಅರ್ಧ ಜನ ನೆರೆದಿದ್ದರು. ಫೋಟೋ ಕೈಯಿಂದ ಕೈಗೆ ಹೋಯಿತು.

"ಎಷ್ಟು ನೆಟ್ಟಗೆ ನಿಂತಿದಾಳೆ!" ಎಂದಳು ನಾದಿನಿ. "ಈ ವಯಸ್ಸಲ್ಲೂ ಬೆನ್ನು ರಟ್ಟಿನ ಹಾಗಿದೆ."

"ಅದಿರ್ಲಿ" ಎಂದ ಕಿರಾಣಿಯವನು. "ಕೇಳಿದ್ರಾ ಸಾಹೇಬ್ರೆ?"

ಇವರು ಚಪ್ಪಲಿ ಬಿಡುತ್ತಿದ್ದರು. ಎರಡೂ ಒಂದೇ ಬಣ್ಣದವು. ನಾನೇ ನೋಡಿ ತೊಡಿಸಿದ್ದೆ.

"ಕೇಳಿದೆ" ಎಂದರು. "ಆಕೆ ಯಾವಾಗ್ಲೂ ನಿಂತೇ ಹಾಡೋದಂತೆ. ಕುರ್ಚಿನೇ ಇರ್ಲಿಲ್ವಂತೆ. ನಾನೇ ತಪ್ಪು ಕೇಳಿಸ್ಕೊಂಡಿದ್ದೆ."

ಗೆಲುವು ಇಷ್ಟು ಸುಲಭವಾಗಿ ಸಿಗುತ್ತದೆಂದು ಬೀದಿಯೂ ಎಣಿಸಿರಲಿಲ್ಲ. ಮೊದಲು ದರ್ಜಿ ನಕ್ಕ. ಆಮೇಲೆ ಎಲ್ಲರೂ. ಹಿಂದಿನಿಂದ ಯಾರೋ ಬಹಳ ಹೊತ್ತು, ಬಹಳ ಚೆನ್ನಾಗಿ, ಕಿರ್‌ರ್‌ರ್ ಎಂದರು.

ಕಿರಾಣಿಯವನು ಮಾತ್ರ ನಗಲಿಲ್ಲ. ಅವನು ವ್ಯಾಪಾರಸ್ಥ. "ಹಾಗಾದ್ರೆ ಸಾಹೇಬ್ರೆ" ಎಂದ, ಮೆಲ್ಲಗೆ, "ಇಲ್ದಿದ್ದ ಕುರ್ಚಿ ಹತ್ತೊಂಬತ್ತು ವರ್ಷ ಕೇಳಿಸಿದೆ ನಿಮಗೆ. ಇಲ್ದಿದ್ದ ಹದಿನೆಂಟು ಗ್ರಾಂ ಕೂಡಾ ಕಂಡಿರಬಹುದು, ಅಲ್ವಾ?"

ವಾರದೊಳಗೆ ಅದು ಅರ್ಜಿಯಾಯಿತು. ಬೀದಿಯ, ಪಕ್ಕದ ಬೀದಿಯ, ಮಾರುಕಟ್ಟೆಯ ಮೂವತ್ತೊಂದು ಅಂಗಡಿಗಳವರು ಸಹಿ ಹಾಕಿದ್ದರು. ಸದರಿ ಇನ್‌ಸ್ಪೆಕ್ಟರಿಗೆ ಇಲ್ಲದ್ದು ಕೇಳಿಸುವ, ಇಲ್ಲದ್ದು ಕಾಣಿಸುವ ತೊಂದರೆಯಿದ್ದು, ಅದನ್ನು ಅವರೇ ಎಲ್ಲರೆದುರು ಒಪ್ಪಿಕೊಂಡಿದ್ದು, ಅವರು ಹಿಡಿದ ತೂಕಗಳನ್ನೆಲ್ಲ ಮರುಪರೀಕ್ಷೆ ಮಾಡಬೇಕು ಎಂದು. ದೊಡ್ಡ ಸಾಹೇಬರು ಇವರನ್ನು ಕರೆಸಿದರಂತೆ. ಮೊದಲು, ಕಲ್ಲು ಕೊಟ್ಟಿರಾ ಎಂದು ಕೇಳಿದರಂತೆ. ಇವರು ಕೊಟ್ಟೆ, ಆಕೆ ಕಣ್ಣಿಗೊತ್ತಿಕೊಂಡಳು ಎಂದರಂತೆ. ಸಾಹೇಬರಿಗೆ ಬಹಳ ಸಂತೋಷವಾಯಿತಂತೆ. ಆ ಸಂತೋಷದಲ್ಲೇ ಇವರನ್ನು ಮತ್ತೆ ಹಳೆಯ ಕಡತಗಳ ಕೋಣೆಗೆ ಹಾಕಿದರು.

ಕಿರಾಣಿಯವನ ಅರ್ಧ ಕಿಲೋ ಕಲ್ಲು ಅವನಿಗೆ ವಾಪಸು ಬಂತು. ನಿಜವಾದ ಅರ್ಧ ಕಿಲೋಗೂ ಅದಕ್ಕೂ ಹದಿನೆಂಟು ಗ್ರಾಂ ವ್ಯತ್ಯಾಸವಿದೆ ಎಂದು ಹೇಳುವವರು ಈಗ ಯಾರೂ ಇಲ್ಲ. ನಾನು ಅವನ ಅಂಗಡಿಯಿಂದಲೇ ಸಕ್ಕರೆ ತರುತ್ತೇನೆ.

ನಿನ್ನೆ ಮಧ್ಯಾಹ್ನ ಇವರು ಆಫೀಸಿನಲ್ಲಿದ್ದಾಗ ನಾದಿನಿ ಬಂದಳು. ಈ ಸಲ ಚಪ್ಪಲಿ ಬಿಟ್ಟ ಮೇಲೂ ಸವತಿಯ ಕ್ಷೇಮ ವಿಚಾರಿಸಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಅತ್ತಿಗೆ, ಅಣ್ಣ ತೂಕದಲ್ಲಿ ತಪ್ಪು ಮಾಡೋರಲ್ಲ. ಚಿಕ್ಕವರಿದ್ದಾಗ ನಮ್ಮಿಬ್ಬರಿಗೂ ಮಿಠಾಯಿ ಹಂಚೋವಾಗ ಚೂರು ಹೆಚ್ಚು ಕಡಿಮೆ ಆದ್ರೂ ಅಳೋರು. ಅಲ್ಲಿ ಏನೋ ಆಗಿದೆ. ನೀವು ಪಕ್ಕದಲ್ಲೇ ಇದ್ರಲ್ಲ. ಆ ಹೆಂಗಸು ನಿಜವಾಗ್ಲೂ ಹಾಗಂದ್ಳಾ?"

ನಾನು ಸಕ್ಕರೆಯನ್ನು ಡಬ್ಬಿಗೆ ಸುರಿಯುತ್ತಿದ್ದೆ. ಹೇಳಿದರೆ ಇವಳು ಬೀದಿಗೆ ಹೇಳುತ್ತಾಳೆ, ಬೀದಿ ಇಲಾಖೆಗೆ ಹೇಳುತ್ತದೆ, ಇವರ ಕಿವಿ ಇವರಿಗೆ ವಾಪಸು ಬರುತ್ತದೆ. ಬಹುಶಃ ಕಡತಗಳ ಕೋಣೆಯಿಂದ ಆಚೆಗೂ ಬರುತ್ತಾರೆ. ಆದರೆ ಆ ರಾತ್ರಿ ನನಗೂ ಕೇಳಿಸಿತ್ತೆಂದು ಇವರಿಗೆ ಗೊತ್ತಾಗುತ್ತದೆ. ಮದುವೆಯಾದ ಹೊಸದರಲ್ಲೂ ಕೇಳಿಸಿತ್ತೆಂದು ಗೊತ್ತಾಗಲು ಅಲ್ಲಿಂದ ಎಷ್ಟು ದೂರ? ಸುಳ್ಳು ತೂಕಕ್ಕೆ ಇವರು ಜೀವನದಲ್ಲಿ ಒಂದೇ ಸಲ, ಆ ಗಾಯಕಿಯ ಮಾನ ಉಳಿಸಲು, ಮುದ್ರೆ ಒತ್ತಿದ್ದಾರೆ. ಅದನ್ನು ಯಾರೂ ನೋಡಲಿಲ್ಲ ಎಂಬ ಧೈರ್ಯದಲ್ಲಿ ಒತ್ತಿದ್ದಾರೆ.

"ನನಗೇನು ಗೊತ್ತು?" ಎಂದೆ. "ನಾನು ದೂರ ಕೂತಿದ್ದೆ."

ಅವಳು ಚಹಾ ಕುಡಿದು ಹೋದಳು. ನಾನು ಬಾಗಿಲ ಚಿಲಕ ಮೂರು ಸಲ ನೋಡಿ, ಬೀರು ತೆರೆದೆ. ಇಲಾಖೆಯ ಕಲ್ಲು ಚಳಿಗಾಲದ ಬಟ್ಟೆಗಳ ಕೆಳಗೆ ಮಖಮಲ್ಲಿನ ಪೆಟ್ಟಿಗೆಯಲ್ಲಿದೆ. ಅಲ್ಲಿ ಇವರಿಟ್ಟದ್ದೋ ನಾನಿಟ್ಟದ್ದೋ ಎಂದು ನಾವು ಮಾತಾಡಿಕೊಂಡಿಲ್ಲ. ಅದನ್ನು ಇನ್ನಷ್ಟು ಹಿಂದಕ್ಕೆ, ಗೋಡೆಗೆ ತಾಗುವ ಹಾಗೆ ನೂಕಿ, ಮೇಲೆ ಎರಡು ಕಂಬಳಿ ಹಾಕಿದೆ. ನಾದಿನಿಗಲ್ಲ, ಬೀದಿಗಲ್ಲ, ಕೇಳಿದರೆ ಇವರಿಗೂ ಅಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಬೀರುವಿಗೆ ಬೀಗ ಹಾಕಿದೆ. ಮುಚ್ಚುವಾಗ ಬೀರುವಿನ ಬಾಗಿಲು ಕಿರ್ ಎಂದಿತ್ತು. ಸಂಜೆ ಇವರು ಬರುವುದರೊಳಗೆ ಅದಕ್ಕೆ ಎಣ್ಣೆ ಬಿಟ್ಟೆ.